ಬರೆದವರು ಬಾಯಿ ಮುಚ್ಚಿಕೊಂಡಿರಬೇಕು

ಕಮೆಂಟ್ ಶೀಟ್ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಾನಾಗ ಚಹಾದ ಮೊದಲ ಗುಟುಕು ಕುಡಿಯುತ್ತಿದ್ದೆ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಚಹಾದ ವಿಷಯ ಖಚಿತವಿಲ್ಲ. ಭಾನುವಾರ ಖಚಿತ, ಆ ಹಾಳೆಯ ನಕಲು ನನ್ನ ಬಳಿ ಇದೆ, ಅದರ ಮೇಲೆ ತಾರೀಖಿನ ಮುದ್ರೆ ಒತ್ತಿದವಳು ನಾನೇ. ಹಾಳೆಯ ನಡುವೆ ಕನ್ಸಲ್ಟೆಂಟ್ ಕಂಪನಿಯ ಎಂಜಿನಿಯರ್ ಕೆಂಪು ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ, ಒಂದು ಪ್ರಶ್ನೆ ಬರೆದಿದ್ದರು: ‘ಅಡುಗೆಮನೆ ಎಲ್ಲಿದೆ?’

ಅಡುಗೆಮನೆ ಎಲ್ಲಿಯೂ ಇರಲಿಲ್ಲ.

ನಮ್ಮದು ದೊಡ್ಡ ಕಟ್ಟಡಗಳ ಎ.ಸಿ. ವ್ಯವಸ್ಥೆ ನೋಡಿಕೊಳ್ಳುವ ಕಂಪನಿ. ಆಫೀಸು ದೋಹಾ ಅಲ್ ಜದೀದಾದಲ್ಲಿ, ಒಂದು ಮೊಬೈಲ್ ಅಂಗಡಿಯ ಮೇಲೆ. ನಾನು ಅಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್; ಒಳಗೆ ಬರುವ, ಹೊರಗೆ ಹೋಗುವ ಪ್ರತಿ ಕಾಗದಕ್ಕೂ ನಂಬರು ಕೊಡುವವಳು. ಯಾವ ಕಟ್ಟಡದಲ್ಲಿ ಕೆಲಸವಿದ್ದರೂ ಅದನ್ನು ಹೇಗೆ ಮಾಡುತ್ತೇವೆ ಎಂದು ಮೊದಲು ಇಂಗ್ಲಿಷಿನಲ್ಲಿ ಬರೆದು ಕೊಡಬೇಕು. ಅದಕ್ಕೆ ಮೆಥಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಮಾಲೀಕರ ಪರವಾಗಿ ಕನ್ಸಲ್ಟೆಂಟ್ ಅದನ್ನು ಓದಿ ಒಪ್ಪಿದ ಮೇಲೆಯೇ ನಮ್ಮವರು ಸ್ಪ್ಯಾನರ್ ಮುಟ್ಟುವುದು.

ಬರೆದು ಕೊಡಬೇಕು ಎಂದೆ. ನಿಜವಾಗಿ ಯಾರೂ ಬರೆಯುವುದಿಲ್ಲ. ಹಿಂದಿನ ಕೆಲಸದ ಫೈಲು ತೆರೆದು, ಕಟ್ಟಡದ ಹೆಸರು ಬದಲಿಸಿ, ತಾರೀಖು ಬದಲಿಸಿ ಕಳಿಸುತ್ತೇವೆ. ಓದುವವರೂ ಓದುವುದಿಲ್ಲ, ಸಹಿ ಹಾಕುತ್ತಾರೆ. ಎರಡೂ ಕಡೆಗೆ ಅನುಕೂಲವಾದ ಈ ಪದ್ಧತಿಯಲ್ಲಿ ನಾನು ಒಂಬತ್ತು ವರ್ಷ ನೆಮ್ಮದಿಯಾಗಿದ್ದೆ. ಅಲ್ ಸದ್ದ್‌ನ ಒಂದು ಆಫೀಸು ಕಟ್ಟಡದಲ್ಲಿ, ತಂಪು ನೀರು ಹರಿಸುವ ಪಂಪುಗಳ ಜಾಲರಿ ಬಿಚ್ಚಿ ತೊಳೆಯುವ ಕೆಲಸ ಬಂದಾಗಲೂ ಹಾಗೆಯೇ ಮಾಡಿದೆ. ಹಳೆಯ ಫೈಲು ಒಂದು ಹೋಟೆಲಿನದ್ದಾಗಿತ್ತು. ‘ಕೆಲಸ ಆರಂಭಿಸುವ ಮೊದಲು ಅಡುಗೆಮನೆಯ ಮುಖ್ಯಸ್ಥರಿಗೆ ತಿಳಿಸತಕ್ಕದ್ದು’ ಎಂಬ ಸಾಲು ನಾಲ್ಕನೆಯ ಪುಟದಲ್ಲಿ ಹಾಗೆಯೇ ಕುಳಿತಿತ್ತು. ಈ ಎಂಜಿನಿಯರ್ ನಾಲ್ಕನೆಯ ಪುಟದವರೆಗೂ ಓದುವವರು.

ಕೆಂಪು ಪ್ರಶ್ನೆಯ ಕೆಳಗೆ ಇನ್ನೂ ಎರಡು ಸಾಲುಗಳಿದ್ದವು. ‘ಕೆಲಸ ಮಾಡಿಸುವ ಫೋರ್‌ಮನ್ ಮುಂದಿನ ಸೋಮವಾರ ನನ್ನ ಎದುರು ಕುಳಿತು, ಕೆಲಸದ ಕ್ರಮವನ್ನು ತನ್ನ ಕೈಯಿಂದ ಇಂಗ್ಲಿಷಿನಲ್ಲಿ ಬರೆಯಲಿ. ಆಗದಿದ್ದರೆ ಬೇರೆ ಫೋರ್‌ಮನ್‌ನನ್ನು ಕಳಿಸಿ.’

ಆ ಫೋರ್‌ಮನ್ ಬಂಟ್ವಾಳದ ಕಡೆಯ ಬ್ಯಾರಿ, ಖತಾರಿಗೆ ಬಂದು ಇಪ್ಪತ್ತೆರಡು ವರ್ಷ. ಸೈಟಿನಲ್ಲಿ ನೇಪಾಳಿಗಳು, ಫಿಲಿಪಿನೋಗಳು, ನಾವು, ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ಪಂಪಿನ ಮೈಮೇಲೆ ಕೈಯಿಟ್ಟು ಬೇರಿಂಗಿಗೆ ಇನ್ನೆಷ್ಟು ದಿನ ಆಯುಷ್ಯ ಎಂದು ಹೇಳುವವರು. ಅವರ ಶಾಲೆ ಐದನೆಯ ತರಗತಿಗೆ ಮುಗಿದಿತ್ತು. ಇಂಗ್ಲಿಷ್ ಮಾತಾಡುತ್ತಾರೆ, ಅಕ್ಷರ ಗುರುತಿಸುತ್ತಾರೆ; ಬರೆಯುವುದು ಸಹಿ ಮಾತ್ರ. ಉಳಿದದ್ದೆಲ್ಲ ವಾಯ್ಸ್ ಮೆಸೇಜು.

ಪ್ರಾಜೆಕ್ಟ್ ಮ್ಯಾನೇಜರ್ ಹಾಳೆ ನೋಡಿ ಯೋಚನೆಗೇ ಕೂರಲಿಲ್ಲ. ‘ಬೇರೆಯವನನ್ನು ಹಾಕೋಣ. ಕಾಕಾ ಇಂಡಸ್ಟ್ರಿಯಲ್ ಏರಿಯಾದ ಸ್ಟೋರಿಗೆ ಹೋಗಲಿ. ಖಲಾಸ್.’

ಸ್ಟೋರ್ ಎಂದರೆ ಕಬ್ಬಿಣದ ಕಪಾಟುಗಳ ನಡುವೆ ಕುಳಿತು ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸ. ಪಂಪಿನ ಸದ್ದು ಅಲ್ಲಿಗೆ ಕೇಳುವುದಿಲ್ಲ. ತಪ್ಪು ನನ್ನದು, ಸ್ಟೋರು ಅವರಿಗೆ. ‘ಸೋಮವಾರದವರೆಗೆ ಬಿಡಿ ಸರ್, ನಾನು ಕಲಿಸ್ತೇನೆ’ ಎಂದೆ. ಈ ಮಾತನ್ನು ಧೈರ್ಯವಾಗಿ ಹೇಳಿದೆನೋ, ನಾಚಿಕೆಗೆ ಬಾಯಿಂದ ಜಾರಿತೋ, ಈಗ ಹೇಳಲಾರೆ.

ಕಾಕಾ ಮಧ್ಯಾಹ್ನ ಆಫೀಸಿಗೆ ಬಂದರು. ನನ್ನನ್ನು ಅವರು ಬಾಯಮ್ಮ ಎನ್ನುತ್ತಾರೆ. ನಮ್ಮ ಕಡೆ ಹಳಬರು ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ.

‘ಅಡುಗೆ ಮಾಡಿದ್ದು ನೀವು, ಪಾತ್ರೆ ತೊಳೆಯುವುದು ನಾನಾ ಬಾಯಮ್ಮ?’

‘ಒಟ್ಟಿಗೆ ತೊಳೆಯುವ ಕಾಕಾ. ಎಂಟು ದಿನ ಉಂಟು.’

‘ಎಂಟು ದಿವಸದಲ್ಲಿ ನನ್ನ ಮೊಮ್ಮಗಳು ಎ ಬರೆಯಲಿಕ್ಕೆ ಕಲೀಲಿಲ್ಲ. ಅವಳಿಗೆ ಟ್ಯೂಷನ್ ಬೇರೆ ಉಂಟು.’

ಮೊದಲ ಮೂರು ದಿನ ನಾನು ಮಾಡಿದ್ದು ಶುದ್ಧ ದಡ್ಡತನ. ಹನ್ನೆರಡು ಸಾಲಿನ ಒಂದು ಮಾದರಿಯನ್ನು ಟೈಪ್ ಮಾಡಿ ಕೊಟ್ಟು, ‘ಇದನ್ನು ಬಾಯಿಪಾಠ ಮಾಡಿ, ಹತ್ತು ಸಲ ಬರೆಯಿರಿ’ ಎಂದೆ. ಅಂದರೆ ನಕಲು ಮಾಡಿ ಸಿಕ್ಕಿಬಿದ್ದವಳು ಆ ನಕಲನ್ನೇ ಇನ್ನೊಬ್ಬರಿಗೆ ಪಾಠ ಮಾಡಿದೆ. ಕಾಕಾ ಶಿಸ್ತಿನ ಮನುಷ್ಯ. ಬುಧವಾರ ನನ್ನ ಮೇಜಿನ ಎದುರು ನಿಂತು ಕಣ್ಣು ಮುಚ್ಚಿ ಒಪ್ಪಿಸಿದರು. ಒಂದು ಪದ ತಪ್ಪಲಿಲ್ಲ. ಕೊನೆಯ ಸಾಲು ಮುಗಿದ ಮೇಲೆ, ಅದೇ ರಾಗದಲ್ಲಿ, ‘ಪೇಜ್ ಒನ್ ಆಫ್ ಒನ್’ ಎಂದೂ ಹೇಳಿ ಕಣ್ಣು ತೆರೆದರು.

‘ಕಾಕಾ, ಅದು ಪುಟದ ನಂಬರು.’

‘ನೀವು ಬರೆದದ್ದಲ್ವಾ? ಬಿಡಲಿಕ್ಕೆ ಆಗ್ತದಾ?’

ನಡುವೆ ತಡೆದು ಒಂದು ಪ್ರಶ್ನೆ ಕೇಳಿದರೆ ಮತ್ತೆ ಮೊದಲಿನಿಂದ ಹೇಳಿಕೊಂಡು ಬರಬೇಕಿತ್ತು. ‘ಸೋಮವಾರ ಎಂಜಿನಿಯರ್ ಎರಡನೇ ಪಂಪು ಅಂದ್ರೆ?’ ಎಂದೆ. ಅವರು ಬರೆದರು. ಒಂದನೆಯ ಪಂಪೆಂದೇ ಬರೆದರು, ಮಾದರಿಯಲ್ಲಿ ಇದ್ದದ್ದು ಹಾಗೆ. ಬರೆದದ್ದನ್ನು ತಾವೇ ನೋಡಿ ಪೆನ್ನು ಕೆಳಗಿಟ್ಟರು.

‘ಸ್ಟೋರಿನಲ್ಲಿ ಎ.ಸಿ. ಒಳ್ಳೆದುಂಟಂತೆ ಬಾಯಮ್ಮ. ಕೂತು ಮಾಡುವ ಕೆಲಸ. ಮೊಣಗಂಟಿಗೂ ಒಳ್ಳೆದು.’

ಅವರು ನಗುತ್ತಲೇ ಹೇಳಿದರು. ಅವರ ಮೊಣಗಂಟಿಗೆ ಏನೂ ಆಗಿಲ್ಲ ಎಂದು ನನಗೆ ಗೊತ್ತಿತ್ತು.

ಇಲ್ಲಿ ಒಂದು ತರಗತಿಯ ವಿಷಯ ಹೇಳಬೇಕು. ನಾನು ಅದನ್ನು ಬಹಳ ಸಲ, ಬಹಳ ಚೆನ್ನಾಗಿ ಹೇಳಿದ್ದೇನೆ. ಅದೇ ಅನುಮಾನಕ್ಕೆ ಕಾರಣ. ಇಲ್ಲಿನ ನಮ್ಮೂರವರ ಕೂಟಗಳಲ್ಲಿ ಯಾರಾದರೂ ‘ಕನ್ನಡ ಮೀಡಿಯಂ ಅಂತೀರಿ, ಇಂಗ್ಲಿಷಿನಲ್ಲಿ ಇಷ್ಟು ಧೈರ್ಯ ಎಲ್ಲಿಂದ?’ ಎಂದು ಕೇಳಿದರೆ ಈ ಕಥೆ ಸಿದ್ಧವಿರುತ್ತದೆ. ಉಡುಪಿಯ ಹತ್ತಿರ, ಮನೆಮನೆಯಲ್ಲೂ ಮಲ್ಲಿಗೆ ಗಿಡವಿರುವ ಊರು. ಏಳನೆಯ ತರಗತಿ. ಇಂಗ್ಲಿಷ್ ಟೀಚರ್ ವಾರಕ್ಕೊಮ್ಮೆ ಪಠ್ಯ ಬದಿಗಿಟ್ಟು, ಮನೆಯ ಯಾವುದಾದರೂ ಒಂದು ಕೆಲಸವನ್ನು ಹೇಗೆ ಮಾಡುವುದೆಂದು ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಆಮೇಲೆ ಆ ಕಾಗದವನ್ನು ಇನ್ನೊಬ್ಬಳ ಕೈಗೆ ಕೊಡುತ್ತಿದ್ದರು. ಅವಳು ಬರೆದಷ್ಟನ್ನು ಮಾತ್ರ ಮಾಡಬೇಕು, ತನಗೆ ಗೊತ್ತಿದ್ದದ್ದನ್ನು ಸೇರಿಸುವಂತಿಲ್ಲ. ಬರೆದವಳು ಬಾಯಿ ಮುಚ್ಚಿಕೊಂಡಿರಬೇಕು, ನಿಜವಾಗಿಯೂ ಕೈಯಿಂದ.

ನಾನು ಮಲ್ಲಿಗೆ ಕಟ್ಟುವುದನ್ನು ಬರೆದೆ. ‘ಹೂವು ತೆಗೆದುಕೋ. ಬಾಳೆನಾರಿನಿಂದ ಕಟ್ಟು.’ ನನ್ನ ಪಕ್ಕದಲ್ಲಿ ಕೂರುವ ಗೆಳತಿ, ದಿನಾ ಬೆಳಿಗ್ಗೆ ಸಾವಿರ ಮೊಗ್ಗು ಕಟ್ಟಿ ಬರುವವಳು, ಒಂದು ಹೂವು ತೆಗೆದು ಅದನ್ನು ನಾರಿನಿಂದ ಬೆಂಚಿನ ಕಾಲಿಗೆ ಕಟ್ಟಿದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರ್ ಮಾತ್ರ ನಗದೆ, ‘ಅವಳದ್ದು ತಪ್ಪಲ್ಲ. ನೀನು ಬರೆದದ್ದು ಅಷ್ಟೇ’ ಎಂದರು. ನಾಲ್ಕನೆಯ ವಾರ ನನ್ನ ಕಾಗದ ಹಿಡಿದು ಅವಳು ಒಂದು ಮೊಳ ಮಲ್ಲಿಗೆ ಕಟ್ಟಿ ಮುಗಿಸಿದಳು. ನಾನು ಬಾಯಿಯ ಮೇಲೆ ಕೈಯಿಟ್ಟು ಕುಳಿತಿದ್ದೆ. ನನ್ನ ಮಾತುಗಳು ನನ್ನ ಸಹಾಯವಿಲ್ಲದೆ ಹೂವು ಕಟ್ಟುತ್ತಿದ್ದವು.

ಹಾಗಿದ್ದರೆ ಈ ಒಂಬತ್ತು ವರ್ಷ ಆ ಹುಡುಗಿ ಎಲ್ಲಿದ್ದಳು? ಕೂಟಗಳಲ್ಲಿ ಕಥೆಯಾಗಿದ್ದಳು. ಮೇಜಿನ ಮುಂದೆ ಕುಳಿತವಳು ಹೋಟೆಲಿನ ಅಡುಗೆಮನೆಯನ್ನು ಅಲ್ ಸದ್ದ್‌ಗೆ ಸಾಗಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ ಕಾಕಾ ಮಡಚಿಟ್ಟುಕೊಂಡಿದ್ದ ಮಾದರಿಯನ್ನು ಕೇಳಿ ತೆಗೆದುಕೊಂಡು ನಾಲ್ಕಾಗಿ ಹರಿದೆ.

‘ಅಯ್ಯೋ, ಎಂತ ಮಾಡಿದ್ರಿ? ಅರ್ಧ ಈಗ ತಾನೆ ಕೈಗೆ ಬಂದಿತ್ತು.’

‘ಪಂಪು ಬಿಡಿ. ಸುಲೈಮಾನಿ ಚಹಾ ಮಾಡುವುದು ಹೇಗೆ ಅಂತ ಬರೆಯಿರಿ. ನಿಮಗೆ ಬಂದ ಇಂಗ್ಲಿಷಿನಲ್ಲಿ. ನಾನು ಓದಿಕೊಂಡು ಮಾಡ್ತೇನೆ. ನೀವು ಮಾತಾಡುವ ಹಾಗಿಲ್ಲ.’

ಅವರು ಬಹಳ ಹೊತ್ತು ತೆಗೆದುಕೊಂಡು, ನಾಲಗೆಯನ್ನು ತುಟಿಯ ಮೂಲೆಗೆ ಒತ್ತಿ, ದಪ್ಪ ಅಕ್ಷರಗಳಲ್ಲಿ ಐದು ಸಾಲು ಬರೆದರು. ನೀರು ಹಾಕು. ಚಹಾಪುಡಿ ಹಾಕು. ಸಕ್ಕರೆ ಹಾಕು. ಲಿಂಬೆ ಹಾಕು. ಕುಡಿ.

ಪ್ಯಾಂಟ್ರಿಯಲ್ಲಿ ನಾನು ಒಂದು ಗ್ಲಾಸಿಗೆ ನಲ್ಲಿಯ ನೀರು ಹಿಡಿದೆ. ಚಹಾಪುಡಿ ಹಾಕಿದೆ, ಅದು ತೇಲಿತು. ಸಕ್ಕರೆ ಹಾಕಿದೆ. ಕಾಕಾ ಬಾಯಿಗೆ ಕೈ ಒತ್ತಿಕೊಂಡು ಗ್ಯಾಸ್ ಒಲೆಯ ಕಡೆ ಕಣ್ಣಿನಿಂದಲೇ ಕೂಗುತ್ತಿದ್ದರು. ಒಂದು ಇಡೀ ಲಿಂಬೆಹಣ್ಣನ್ನು ಗ್ಲಾಸಿನೊಳಗೆ ಬಿಟ್ಟೆ. ನೀರು ಉಕ್ಕಿ ಕಟ್ಟೆಯ ಮೇಲೆ ಹರಿಯಿತು. ಕೊನೆಯ ಸಾಲಿನ ಪ್ರಕಾರ ಕುಡಿಯಬೇಕಾದವಳೂ ನಾನೇ. ಕುಡಿದೆ.

ಕಾಕಾ ಕೈ ತೆಗೆದರು. ‘ನಿಮ್ಮ ಅಮ್ಮ ನಿಮಗೆ ಚಹಾ ಮಾಡಲಿಕ್ಕೂ ಕಲಿಸಲಿಲ್ವಾ ಬಾಯಮ್ಮ?’

‘ಅಮ್ಮ ಇಲ್ಲಿಲ್ಲ. ನಿಮ್ಮ ಕಾಗದ ಮಾತ್ರ ಉಂಟು.’

ಅವರು ಗ್ಲಾಸಿನಲ್ಲಿ ತೇಲುವ ಲಿಂಬೆಯನ್ನು ನೋಡಿದರು, ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಆಮೇಲೆ ಕೈ ಚಾಚಿದರು. ‘ಇಲ್ಲಿ ತನ್ನಿ ಅದನ್ನು.’

ಆ ಕೈ ಚಾಚಿದ್ದನ್ನು ಮಾತ್ರ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ. ಮೂರು ದಿನ ನಾನು ಕಾಗದವನ್ನು ಅವರ ಕೈಗೆ ತುರುಕುತ್ತಿದ್ದೆ. ಈಗ ಅವರೇ ಕೇಳಿದರು. ಐದನೆಯ ಸಲದ ಸುಲೈಮಾನಿಯನ್ನು ಅಕೌಂಟ್ಸಿನವರೂ ಬಂದು ಕುಡಿದರು. ಕುಡಿಯುವಾಗ ಕಾಕಾನಿಗೆ ಟೀಚರ್ ಆಟದ, ಮಲ್ಲಿಗೆಯ ಕಥೆ ಹೇಳಿದೆ.

ಶುಕ್ರವಾರ ರಜೆ. ಮಧ್ಯಾಹ್ನ ಆ ಗೆಳತಿಗೆ ಮಂಗಳೂರಿಗೆ ಫೋನ್ ಮಾಡಿದೆ, ಟೀಚರ್ ಆಟದ ಇನ್ನೇನಾದರೂ ನಿಯಮ ಮರೆತಿದ್ದೇನೆಯೇ ಎಂದು ಕೇಳಲು. ಕಥೆಯನ್ನೆಲ್ಲ ಕೇಳಿ ಅವಳು ಹೇಳಿದಳು: ‘ನಿಯಮ ಸರಿ ಉಂಟು. ಆದರೆ ಬರೆದದ್ದು ನಾನು ಮಾರಾಯ್ತಿ. ಬೆಂಚಿನ ಕಾಲಿಗೆ ಕಟ್ಟಿದವಳು ನೀನು.’

‘ಸಾಧ್ಯವೇ ಇಲ್ಲ. ಬಾಯಿಯ ಮೇಲೆ ಕೈ ಇಟ್ಟದ್ದು ನನಗೆ ನೆನಪುಂಟು.’

‘ಎಲ್ಲರೂ ಇಡ್ತಿದ್ದರಲ್ಲ. ನಿನ್ನ ಸರದಿ ಕೊಡಪಾನದಲ್ಲಿ ನೀರು ಸೇದುವುದು. ನಾನು ಹಗ್ಗ ಕಟ್ಟದೆ ಕೊಡಪಾನ ಬಾವಿಗೆ ಬಿಟ್ಟು ಟೀಚರ್ ಹತ್ತಿರ ಇಬ್ಬರೂ ಬೈಸಿಕೊಂಡದ್ದು ಮರೆತೆಯಾ?’

ನನಗೆ ಕೊಡಪಾನದ ನೆನಪೇ ಇಲ್ಲ. ಕೂಟಗಳಲ್ಲಿ ಇಷ್ಟು ವರ್ಷ ಅವಳ ಕಥೆಯನ್ನು ಕಟ್ಟಡದ ಹೆಸರು ಬದಲಿಸಿ ಹೇಳಿದೆನೇ? ತೀರ್ಮಾನಕ್ಕೆ ಸಮಯವಿರಲಿಲ್ಲ. ಮರುದಿನ ಪ್ಲಾಂಟ್ ರೂಮಿಗೆ ಹೋಗುವುದಿತ್ತು.

ಶನಿವಾರ ಬೆಳಿಗ್ಗೆ ಅಲ್ ಸದ್ದ್‌ನ ಕಟ್ಟಡದಲ್ಲಿ ನನಗೆ ಹೆಲ್ಮೆಟ್ಟನ್ನೂ ಎರಡು ಸೈಜು ದೊಡ್ಡದಾದ ಸೇಫ್ಟಿ ಬೂಟುಗಳನ್ನೂ ಕೊಟ್ಟರು. ಒಪ್ಪಂದ ಇಷ್ಟು: ನಿಲ್ಲಿಸಿಟ್ಟ ಪಂಪಿನ ಮುಂದೆ ನಾನು ಕಾಕಾ ಬರೆದ ಕಾಗದ ಓದಿ ಅದರಲ್ಲಿ ಹೇಳಿದ ವಸ್ತುವನ್ನು ಮುಟ್ಟುತ್ತೇನೆ, ತಿರುಗಿಸುವುದಿಲ್ಲ. ಕಾಕಾ ಬೇಕಾದ ಪದಗಳನ್ನೆಲ್ಲ ಯಂತ್ರಗಳ ಮೈಮೇಲಿನಿಂದಲೇ ಒಂದು ಸಣ್ಣ ಪುಸ್ತಕಕ್ಕೆ ಇಳಿಸಿಕೊಂಡಿದ್ದರು. ಪಂಪು, ವಾಲ್ವು, ಡ್ರೇನು, ಲಾಕು. ಎಲ್ಲಕ್ಕೂ ಹೆಸರಿನ ಫಲಕಗಳಿದ್ದವು. ಇಪ್ಪತ್ತೆರಡು ವರ್ಷ ಪಾಠಪುಸ್ತಕದ ನಡುವೆಯೇ ಓಡಾಡುತ್ತಿದ್ದೆ ಎಂದು ಅವರೇ ನಕ್ಕರು.

ಮೊದಲ ಸಾಲು, ಪಂಪು ನಿಲ್ಲಿಸು. ಎರಡನೆಯದು, ಕರೆಂಟಿನ ಪ್ಯಾನೆಲ್ಲಿಗೆ ನಿನ್ನ ಬೀಗ ಹಾಕು, ಕೀಲಿ ಕಿಸೆಯಲ್ಲಿ ಇಡು. ಮೂರನೆಯದು, ವಾಲ್ವ್ ಮುಚ್ಚು. ನನ್ನ ಮುಂದೆ ನಾಲ್ಕು ವಾಲ್ವ್‌ಗಳಿದ್ದವು. ಕೈಗೆ ಹತ್ತಿರ ಇದ್ದದ್ದನ್ನು ಮುಟ್ಟಿದೆ. ಕಾಕಾ ಬಾಯಿ ಮುಚ್ಚಿಕೊಂಡು ಕಾಲಿನಿಂದ ನೆಲ ಒದ್ದರು. ನಾನು ಮುಟ್ಟಿದ್ದು ಪಕ್ಕದ ಪಂಪಿನದ್ದು. ನಿಜವಾಗಿ ಮುಚ್ಚಿದ್ದರೆ ಆರು ಮಹಡಿಗಳ ಜನ ಬೆವರುತ್ತಿದ್ದರು. ಕಾಗದ ವಾಪಸು ಹೋಗಿ, ಪೈಪಿನ ಬಣ್ಣ, ಬಾಣದ ದಿಕ್ಕು, ವಾಲ್ವಿನ ನಂಬರು ಹೊತ್ತು ಬಂತು. ಮಧ್ಯಾಹ್ನದ ಹೊತ್ತಿಗೆ, ಒಳಗೆ ಉಳಿದ ನೀರನ್ನು ಹೊರಬಿಡುವ ಡ್ರೇನ್ ತೆರೆಯುವ ಸಾಲು ದಾಟಿ, ಜಾಲರಿಯ ಮುಚ್ಚಳದವರೆಗೆ ತಲುಪಿದೆವು. ಅಲ್ಲಿ ಅವರು ನಾನು ಯಾವ ಫೈಲಿನಲ್ಲೂ ಕಾಣದ ಒಂದು ಸಾಲು ಬರೆದಿದ್ದರು. ‘ಡ್ರೇನ್ ಮುಚ್ಚು. ಐದು ನಿಮಿಷ ಕಾಯಿ. ಮತ್ತೆ ತೆರೆ. ನೀರು ಬಂದರೆ ವಾಲ್ವ್ ಸುಳ್ಳು ಹೇಳುತ್ತಿದೆ. ಮುಚ್ಚಳ ಬಿಚ್ಚಬೇಡ.’

‘ಇದೆಂತದು ಕಾಕಾ?’

‘ಮುಚ್ಚಿದೆ ಅಂತ ಕಾಣ್ತದೆ, ಒಳಗೆ ಪೂರ್ತಿ ಮುಚ್ಚಿರುವುದಿಲ್ಲ. ಗೇಜೂ ಸೊನ್ನೆ ತೋರಿಸ್ತದೆ. ನಂಬಿ ಬಿಚ್ಚಿದ್ರೆ ಮುಖಕ್ಕೆ ನೀರು.’

‘ಯಾಕೆ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ?’

‘ಹುಡುಗರಿಗೆ ಹೇಳ್ತೇನೆ. ಬರೆಯುವವರು ಯಾರಾದ್ರೂ ಕೇಳಿದ್ರಾ?’

ನನ್ನ ಕೆಂಪು ಪೆನ್ನು ಆಗಲೇ ಸುಳ್ಳು ಎಂಬಲ್ಲಿಗೆ ಹೋಗಿತ್ತು. ಅದಕ್ಕೆ ನಮ್ಮ ಕಾಗದಗಳಲ್ಲಿ ಬೇರೆಯೇ ಗಂಭೀರ ಪದವಿದೆ. ಆ ಪದ ಹಾಕಿದರೆ ಸಾಲು ನನ್ನದಾಗುತ್ತಿತ್ತು, ಸೋಮವಾರ ಅವರು ಮತ್ತೆ ಕಣ್ಣು ಮುಚ್ಚಿ ಹುಡುಕಬೇಕಾಗುತ್ತಿತ್ತು. ಪೆನ್ನನ್ನು ಕಿಸೆಗೆ ಹಾಕಿದೆ.

ಸೋಮವಾರ ಎಂಜಿನಿಯರ್ ಹೇಳಿದ ಹೊತ್ತಿಗೆ ಅಲ್ ಸದ್ದ್‌ನ ಕಟ್ಟಡಕ್ಕೆ ಬಂದರು. ಸುಡಾನಿನವರು, ಎತ್ತರದ ಆಳು, ನಿಧಾನದ ಮಾತು. ಕಾಕಾನ ಮುಂದೆ ಒಂದು ಬಿಳಿ ಹಾಳೆ ಇಟ್ಟು, ‘ಎರಡನೆಯ ಪಂಪು. ಯಲ್ಲಾ, ಶುರುಮಾಡಿ’ ಎಂದರು. ಮಾದರಿ ಹರಿಯದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಾ ನಾನು ಮೂಲೆಯ ಕುರ್ಚಿಯಲ್ಲಿ ಕುಳಿತೆ. ಕಾಕಾ ಕಣ್ಣು ಮುಚ್ಚಲಿಲ್ಲ. ಬರೆಯುವ ಮೊದಲು ಪ್ರತಿ ಸಲವೂ ಬಲಗೈಯಿಂದ ಗಾಳಿಯಲ್ಲಿ ಏನನ್ನೋ ಮುಟ್ಟುತ್ತಿದ್ದರು, ತಿರುಗಿಸುತ್ತಿದ್ದರು, ಆಮೇಲೆ ಬರೆಯುತ್ತಿದ್ದರು. ಮುಕ್ಕಾಲು ಗಂಟೆ ಹಿಡಿಯಿತು.

ಎಂಜಿನಿಯರ್ ಓದಿದರು. ಒಂದು ಕಡೆ ಹುಬ್ಬು ಮೇಲೆ ಹೋಯಿತು. ಯಾವ ಸಾಲೆಂದು ನನಗೆ ಗೊತ್ತಿತ್ತು. ಹಾಳೆ ಹಿಡಿದು ಎದ್ದು, ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಪ್ಲಾಂಟ್ ರೂಮಿಗೆ ನಡೆದರು. ಪಂಪು ನಿಂತಿತು, ಬೀಗ ಬಿತ್ತು. ಹಾಳೆ ನೋಡಿ ನೋಡಿ ಅವರೇ ವಾಲ್ವ್‌ಗಳನ್ನು ಮುಚ್ಚತೊಡಗಿದರು. ನಡುವೆ ತಿರುಗಿ, ‘ಡ್ರೇನ್ ಯಾವ ಕಡೆ?’ ಎಂದು ಕಾಕಾನನ್ನು ಕೇಳಿದರು. ಕಾಕಾ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದರು. ಇನ್ನೊಂದು ಕೈಯಿಂದ ಹಾಳೆ ತೋರಿಸಿದರು. ಎಂಜಿನಿಯರ್ ನನ್ನ ಕಡೆ ನೋಡಿದರು. ನನ್ನ ಕೈಯೂ ಬಾಯಿಯ ಮೇಲಿತ್ತು.

ಡ್ರೇನ್ ಮುಚ್ಚಿ ಐದು ನಿಮಿಷ ಕಾದು ಮತ್ತೆ ತೆರೆದಾಗ ನೀರು ಚಿಮ್ಮಿ ಎಂಜಿನಿಯರ್ ಬೂಟು ಒದ್ದೆಯಾಯಿತು ಎಂದು ನಾನು ಒಂದೆರಡು ಕಡೆ ಹೇಳಿದ್ದೇನೆ. ಆಗಲಿಲ್ಲ. ಬಂದದ್ದು ಹನಿ. ಒಂದು, ಸ್ವಲ್ಪ ತಡೆದು ಇನ್ನೊಂದು.

‘ಇದು ನೀರು ಬಂದ ಹಾಗೋ, ಬಾರದ ಹಾಗೋ?’ ಎಂಜಿನಿಯರ್ ಕೇಳಿದರು. ತಮಾಷೆಗಲ್ಲ, ಹಾಳೆಯಲ್ಲಿ ಅದು ಇರಲಿಲ್ಲ.

ಕಾಕಾ ಬಾಯಿ ತೆರೆದು ಉತ್ತರ ಹೇಳಿಬಿಡಬಹುದಿತ್ತು. ಹಾಳೆಗೆ ಕೈ ಚಾಚಿದರು. ಪೈಪಿನ ಮೇಲೆಯೇ ಇಟ್ಟು, ಸುಳ್ಳಿನ ಸಾಲಿನ ಕೆಳಗೆ ಒಂದು ಸಾಲು ಸೇರಿಸಿದರು: ‘ಸಣ್ಣ ಹನಿಯೂ ನೀರೇ.’

ಎಂಜಿನಿಯರ್ ಓದಿ, ಹನಿ ನೋಡಿ, ಗೋಡೆಗೆ ಒರಗಿ ನಕ್ಕರು. ವಾಲ್ವ್ ಬದಲಿಸದೆ ಮುಚ್ಚಳ ಬಿಚ್ಚಬಾರದೆಂದು ಅಲ್ಲೇ ಬರೆದರು. ಅದರ ಕೆಳಗೆ, ಈ ಕಟ್ಟಡದಲ್ಲಿ ಇದೇ ಫೋರ್‌ಮನ್ ಇರಲಿ ಎಂದು ಬರೆದು ಸಹಿ ಹಾಕಿದರು. ‘ಬರೆಯಲು ಯಾರು ಕಲಿಸಿದರು?’ ಎಂದು ಕೇಳಿದಾಗ ಕಾಕಾ ಸೈಟಿನ ಇಂಗ್ಲಿಷಿನಲ್ಲಿ, ‘ಬಾಯಮ್ಮನ ಟೀಚರ್. ಹೂವು ಕಟ್ಟುವವರು’ ಎಂದರು. ಎಂಜಿನಿಯರ್ ತಲೆಯಾಡಿಸಿದರು, ಅದೂ ಒಂದು ತರಬೇತಿ ಸಂಸ್ಥೆಯೆಂಬಂತೆ. ಆ ಹಾಳೆಗೆ ನಾನು ನಂಬರು ಕೊಟ್ಟೆ. ಪುಟ ಒಂದು, ಒಟ್ಟು ಒಂದು.

ಅದಾದ ಮೇಲೆ ಹಳೆಯ ಫೈಲು ತೆರೆಯುವ ಮೊದಲು ನಾನು ಫೋರ್‌ಮನ್‌ಗಳನ್ನು ಕೂರಿಸಿ ಕೇಳುತ್ತೇನೆ. ನಿಧಾನವಾಯಿತು ಎಂದು ಮ್ಯಾನೇಜರ್ ಗೊಣಗುತ್ತಾರೆ. ಗೊಣಗಲಿ.

ಎರಡು ವಾರದ ನಂತರ ಕಾಕಾ ಅಲ್ ಹಿಲಾಲ್‌ನ ತಮ್ಮ ಮನೆಗೆ ನನ್ನನ್ನೂ ನನ್ನ ಗಂಡನನ್ನೂ ಶುಕ್ರವಾರದ ಊಟಕ್ಕೆ ಕರೆದರು. ಈ ಸಲ ವಾಯ್ಸ್ ಮೆಸೇಜು ಬರಲಿಲ್ಲ. ದಪ್ಪ ಅಕ್ಷರಗಳಲ್ಲಿ ಬರೆದ ಒಂದು ಹಾಳೆಯ ಫೋಟೋ ಬಂತು. ದಾರಿ ಹೇಳುವ ಎಂಟು ಸಾಲು. ಅದನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದೆ. ಬರೆದ ಸಿಗ್ನಲ್ಲಿನಲ್ಲಿ ತಿರುಗಿದೆವು, ಬರೆದ ಫಾರ್ಮಸಿಯ ಎದುರು ಕಾರು ನಿಲ್ಲಿಸಿದೆವು. ಎಂಟನೆಯ ಸಾಲು: ‘ಲಿಫ್ಟಿನಲ್ಲಿ ನಾಲ್ಕು ಒತ್ತು. ಹೊರಗೆ ಬಾ. ಬಲಗಡೆ ಹಸಿರು ಬಾಗಿಲು.’

ಹಸಿರು ಬಾಗಿಲ ಮುಂದೆ ನಿಂತೆವು. ಒಳಗಿನಿಂದ ಬಿರಿಯಾನಿಯ ಪರಿಮಳ ಬರುತ್ತಿತ್ತು.

‘ಬೆಲ್ ಒತ್ತು ಮಾರಾಯ್ತಿ’ ಎಂದರು ಗಂಡ.

‘ಬರೆದಿಲ್ಲ.’

ಅವರು ತಾವೇ ಒತ್ತಲು ಹೋದರು, ಕೈ ಹಿಡಿದು ನಿಲ್ಲಿಸಿದೆ. ಏಳೆಂಟು ನಿಮಿಷವಾಗಿರಬೇಕು. ಆಗ ಆ ಬಾಗಿಲಿನ ಎದುರು, ಕೈಯಲ್ಲಿ ಇನ್ನೊಬ್ಬರ ಕಾಗದ ಹಿಡಿದು, ನಗು ತಡೆಯಲಾಗದೆ, ಬರೆಯದ ಒಂದನ್ನೂ ಮಾಡಲು ಒಪ್ಪದೆ ನಿಂತಿದ್ದಾಗ, ಈ ನಿಲುವು ನನ್ನ ಮೈಗೆ ಹಳೆಯ ಪರಿಚಯದ್ದು ಅನ್ನಿಸಿತು. ಗೆಳತಿ ಹೇಳಿದ್ದೇ ಸರಿ ಇರಬಹುದು. ಬೆಂಚಿನ ಕಾಲಿಗೆ ಹೂವು ಕಟ್ಟಿದವಳು ನಾನೇ ಇರಬಹುದು.

ಬಾಗಿಲು ತೆರೆಯಿತು. ಕಾಕಾ ಚಪ್ಪಲಿ ಮೆಟ್ಟಿಕೊಂಡು ನಮ್ಮನ್ನು ಹುಡುಕಲು ಕೆಳಗೆ ಹೊರಟಿದ್ದರು.

‘ಎಂತ ಇದು, ಹೊರಗೆ ನಿಂತದ್ದು? ಬೆಲ್ ಇಲ್ವಾ?’

ನಾನು ಹಾಳೆಯನ್ನು ಮುಂದೆ ಹಿಡಿದೆ. ಅವರು ಎಂಟನೆಯ ಸಾಲನ್ನು ಓದಿದರು. ಓದುತ್ತಾ ಓದುತ್ತಾ ಅವರ ಕೈ ಬಾಯಿಯ ಕಡೆ ಹೋಯಿತು. ಆಮೇಲೆ ನನ್ನ ಗಂಡನ ಕಿಸೆಯಿಂದ ಪೆನ್ನು ತೆಗೆದು, ಹಾಳೆಯನ್ನು ಹಸಿರು ಬಾಗಿಲಿಗೆ ಒತ್ತಿ, ಒಂಬತ್ತನೆಯ ಸಾಲು ಬರೆದು ನನ್ನ ಕೈಗೆ ಕೊಟ್ಟರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಓದಿ ಬೆಲ್ ಒತ್ತಿದೆ.